ಕದ್ದು ತಂದ ಸಬ್ಜಾ

ಸಿಂದಗಿಯ ಜಾನಕಿಬಾಯಿ ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಲಗೆಯ ಮೇಲೆ ಬರೆಯುವ ಖಡುವಿನ ಒಂದು ತುಂಡು ಕದ್ದ ಹುಡುಗನನ್ನೂ ಇಡೀ ತರಗತಿಯ ಮುಂದೆ ನಿಲ್ಲಿಸಿ, "ಕಳವಿನೊಳಗ ಸಣ್ಣದು ದೊಡ್ಡದು ಅಂತ ಇರೂದಿಲ್ಲ" ಎಂದು ಕಿವಿ ಹಿಂಡಿದ ಕೈ ಅವರದು. ಆದರೆ ಸಸಿಯ ವಿಷಯ ಬಂತೆಂದರೆ ಅದೇ ಕೈಗೆ ಬೇರೆಯೇ ಶಾಸ್ತ್ರ. ಕೇಳಿ ತಂದ ಸಸಿ ಕೊರಗುತ್ತದೆ, ಕೊಂಡು ತಂದದ್ದು ಬದುಕಿದರೆ ಪುಣ್ಯ, ಕದ್ದು ತಂದದ್ದು ಮಾತ್ರ ಮೂರೇ ದಿನಕ್ಕೆ ಚಿಗುರುತ್ತದೆ. ಅವರ ಅಜ್ಜಿ ಹೇಳಿದ್ದು, ಅಜ್ಜಿಗೆ ಅಜ್ಜಿಯ ಅಜ್ಜಿ ಹೇಳಿದ್ದು. ಹೀಗಾಗಿ ಬಸವನ ಬಾಗೇವಾಡಿಯ ಬೀಗರ ಮನೆಯಿಂದ ಗುಲಾಬಿಯ ಟೊಂಗೆ, ಇಂಡಿಯ ಯಾವುದೋ ಕಚೇರಿಯ ಅಂಗಳದಿಂದ ಸೇವಂತಿಗೆಯ ಬೇರು, ಎಲ್ಲವೂ ಸೆರಗಿನ ಮರೆಯಲ್ಲೇ ಬಂದು ಸೇರಿದ್ದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಆದರೆ ಇವರಿಗೆ ಆ ಮಾತು ಹೇಳುವ ಧೈರ್ಯ ಯಾರಿಗಿತ್ತು!

ಮನೆಯ ಮುಂದೆ ಕಂಪೌಂಡಿಗೆ ಹೊಂದಿಕೊಂಡು ದಕ್ಷಿಣೋತ್ತರವಾಗಿ ಒಂದು ಉದ್ದನೆಯ ಹೂವಿನ ಪಾತಿ. ಬರಿಯ ಹೂವಿಗೆ ಅಷ್ಟು ನೀರು ಸುರಿಯುವುದು ಜಾನಕಿಬಾಯಿಯ ಮನಸ್ಸಿಗೆ ಒಗ್ಗಲಿಲ್ಲ. ಗುಲಾಬಿಯ ನಡುವೆ ಮೆಂತ್ಯೆ ಚೆಲ್ಲಿದರು, ಸೇವಂತಿಗೆಯ ಬುಡದಲ್ಲಿ ಕೊತ್ತಂಬರಿ ಹಾಕಿದರು, ಚೆಂಡು ಹೂವಿನ ಸಾಲಿನಲ್ಲಿ ಮೆಣಸಿನ ಗಿಡ ನೆಟ್ಟರು. ಚೆಂಡು ಹೂವಿದ್ದರೆ ಹುಳ ಕಡಿಮೆ ಎಂಬುದು ಅವರ ಲೆಕ್ಕ. ಕೆಂಪು ರಾಜಗಿರಿ ಹೂವಿಗಿಂತ ಚೆಂದ ಕಾಣುತ್ತಿತ್ತು.

"ಅಲ್ಲೇ ಜಾನಕಿ, ಇದು ಹೂವಿನ ತೋಟೋ, ಭಾಜಿ ಮಾರ್ಕೆಟ್ಟೋ?" ಎಂದು ಗಂಡ ಅನಂತರಾಯರು ಪೇಪರಿನ ಹಿಂದಿನಿಂದ ಕೆಣಕುವರು.

"ದೇವರಿಗೂ ಆಗ್ತದ, ನಿಮ್ಮ ಹೊಟ್ಟಿಗೂ ಆಗ್ತದ. ಸುಮ್ಮನ ಚಹಾ ಕುಡೀರಿ," ಎನ್ನುವರು ಇವರು.

ಕಳೆದ ಮಾಘದಲ್ಲಿ ಯಂಕಂಚಿಯಲ್ಲಿ ಹಳೆಯ ಸಹಶಿಕ್ಷಕಿಯೊಬ್ಬರ ಮನೆಯ ವಾಸ್ತುಶಾಂತಿ. ಉಂಡು, ಡಬ್ಬಿಯಲ್ಲಿ ಎರಡು ಹೋಳಿಗೆ ಕಟ್ಟಿಸಿಕೊಂಡು ಬಸ್ಸಿನ ಕಡೆಗೆ ಹೊರಟ ಜಾನಕಿಬಾಯಿ ಬಿಸಿಲು ತಪ್ಪಿಸಲು ಹೊಲದ ದಾರಿ ಹಿಡಿದರು. ಬೇವಿನ ಗಿಡದ ಕೆಳಗೆ, ಸುತ್ತಲೂ ಕಲ್ಲು ಜೋಡಿಸಿದ ಒಂದು ಸಣ್ಣ ಪಾತಿ. ನಾಲ್ಕು ಚೆಂಡು ಹೂವಿನ ಗಿಡ, ಉಳಿದದ್ದೆಲ್ಲ ಕಾಮಕಸ್ತೂರಿ. ಅದನ್ನೇ ನಮ್ಮ ಕಡೆ ಸಬ್ಜಾ ಎನ್ನುತ್ತೇವೆ. ಎಂಥ ಪರಿಮಳ! ಯಾರೋ ಅಚ್ಚುಕಟ್ಟಾದ ಹೆಣ್ಣುಮಗಳು ಹೊಲದಲ್ಲಿ ಕೂಡ ಹೂವು ಬೆಳೆಸಿದ್ದಾಳೆ ಅಂದುಕೊಂಡರು. ಅತ್ತ ಇತ್ತ ನೋಡಿದರು. ಹೋಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ, ನಡುವಿನ ಒಂದು ಗಿಡವನ್ನು ಬೇರಿನ ಸಮೇತ, ಹಿಡಿ ಮಣ್ಣಿನ ಸಮೇತ ಎತ್ತಿ ಡಬ್ಬಿಗೆ ಹಾಕಿದರು. ಮಣ್ಣು ತಣ್ಣಗಿತ್ತು. ಅಂಥ ಮಧ್ಯಾಹ್ನದಲ್ಲಿ ಅಷ್ಟು ತಣ್ಣಗೆ ಯಾಕಿತ್ತು ಎಂದು ಆಗ ಅವರಿಗೆ ಹೊಳೆಯಲಿಲ್ಲ.

ಗಿಡ ಮೂರು ದಿನವೂ ಕಾಯಲಿಲ್ಲ, ಮರುದಿನವೇ ಚಿಗುರಿತು. ಎರಡು ಗುಲಾಬಿಗಳ ನಡುವೆ ನಿಂತು ಹೂವು ಬಿಟ್ಟು, ಫಾಲ್ಗುಣ ಮುಗಿಯುವಷ್ಟರಲ್ಲಿ ಬೀಜ ಕಟ್ಟಿತು. ಆ ಹೊತ್ತಿಗೆ ಮಗಳು ರಂಜನಾ ಮುದ್ದೇಬಿಹಾಳದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಏಳು ತುಂಬಿತ್ತು. ಬಿಸಿಲು ನೋಡಿದರೆ ಕೆಂಡ. ಜಾನಕಿಬಾಯಿ ಸಬ್ಜಾ ಬೀಜ ನೆನೆಸಿ, ಹಾಲು ಸಕ್ಕರೆ ಬೆರೆಸಿ ಸಂಜೆಗೊಂದು ಲೋಟ ಕೊಟ್ಟರು. "ಹೊಟ್ಟಿ ತಂಪಾಗ್ತದ, ಕುಡಿ."

ರಂಜನಾ ಎಂದರೆ ಹುಟ್ಟಿದಂದಿನಿಂದ ತಿಂಡಿಪೋತಿ. ಮಾತಿಗಿಂತ ಮೊದಲು ಬಾಯಲ್ಲಿ ಚಕ್ಕುಲಿ. ಅಂಥ ಹುಡುಗಿ ಆರನೆಯ ದಿನ ಮಧ್ಯಾಹ್ನ ಅನ್ನ ಸಾರು ಕಲಸಿ, ತುತ್ತು ಕಟ್ಟಿ, ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಳು. ಕಣ್ಣು ಬಾಗಿಲ ಕಡೆಗೆ.

"ಉಣ್ಣೇ. ಆರಿಹೋಗ್ತದ."

"ಅಕಿ ಇನ್ನೂ ಉಂಡಿಲ್ಲ."

"ಯಾರು?"

ರಂಜನಾ ತಾಯಿಯತ್ತ ನೋಡಿದಳು. ಪರಿಚಯದ ನೋಟವಲ್ಲ ಅದು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸನ್ನು ನೋಡುತ್ತಾರಲ್ಲ, ಹಾಗೆ. "ಸಣ್ಣಾಕಿ. ಹಸದಿರ್ತಾಳು. ಹೆಂಗ ಉಣ್ಲಿ ನಾ?" ಎಂದು ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆದಳು.

ಅಂದು ಶುರುವಾದದ್ದು ನಿಲ್ಲಲಿಲ್ಲ. ದಿನವೂ ಕಲಸುವುದು, ಕಾಯುವುದು, ಏಳುವುದು. ಜಬರದಸ್ತಿ ಮಾಡಿ ಬಾಯಿಗೆ ತುರುಕಿದರೆ ವಾಂತಿ. ಸಬ್ಜಾದ ಹಾಲು ನಿಲ್ಲಿಸಿದರು, ಉಪಯೋಗವಾಗಲಿಲ್ಲ. ಕಾಯಿ ಒಡೆಸಿದರು, ದೃಷ್ಟಿ ತೆಗೆದರು, ಗುರುಗಳ ಅಕ್ಷತೆ ತಲೆಯ ಮೇಲೆ ಹಾಕಿದರು. ಮುದ್ದೇಬಿಹಾಳದಿಂದ ಅಳಿಯ ಸಂಕರ್ಷಣ ಓಡಿ ಬಂದ. ಅವನ ಕೈಯಿಂದ ಎರಡು ಗುಟುಕು ನೀರು ಇಳಿಯಿತು, ಅಷ್ಟೇ.

ಡಾಕ್ಟರು ಹೊಟ್ಟೆ ಪರೀಕ್ಷಿಸಿ ಮುಖ ಸಣ್ಣದು ಮಾಡಿದರು. "ಬಾಯಾರ, ಕೂಸು ಬೆಳೀಲಿಕ್ಕೆ ಹತ್ತಿಲ್ಲ. ಹತ್ತು ದಿನ ನೋಡೂಣು. ತಾಯಿ ಉಣ್ಣಲಿಲ್ಲಂದ್ರ ವಿಜಯಪುರಕ್ಕೆ ಒಯ್ದು ತೆಗೀಬೇಕಾಗ್ತದ. ಈಗ ತೆಗದ್ರ ಕೂಸು ಉಳೀತದ ಅಂತ ನಾ ಮಾತು ಕೊಡೂದಿಲ್ಲ. ತಾಯೀದೂ ಅಷ್ಟ."

ಜಾನಕಿಬಾಯಿ ಮನೆಗೆ ಬಂದು ದೇವರ ಮುಂದೆ ಕುಳಿತು ಅತ್ತರು. ಜೋರಾಗಿಯೇ ಅತ್ತರು. ಇದ್ದವಳು ಒಬ್ಬಳೇ ಮಗಳು, ಹದಿಮೂರು ವರ್ಷ ವ್ರತ ಹಿಡಿದು ಹೆತ್ತದ್ದು.

ಅದರ ಮರುದಿನ ಮಧ್ಯಾಹ್ನ ರಂಜನಾ ಕೋಣೆಯಲ್ಲಿ ಇರಲಿಲ್ಲ. ಹಿತ್ತಿಲಲ್ಲಿ ಇರಲಿಲ್ಲ. ಮನೆಗೆಲಸದ ರಾಮವ್ವ ಅಂಗಳದಿಂದ "ಎವ್ವಾ!" ಎಂದು ಕಿರುಚಿದಳು. ಓಡಿ ಹೋಗಿ ನೋಡಿದರೆ, ಹೂವಿನ ಪಾತಿಯಲ್ಲಿ, ಸುಡುವ ಬಿಸಿಲಿನಲ್ಲಿ ರಂಜನಾ ಮಲಗಿದ್ದಾಳೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಬದುಕಿದ ಮನುಷ್ಯರು ಉತ್ತರಕ್ಕೆ ತಲೆ ಹಾಕುವುದುಂಟೇ! ಎಬ್ಬಿಸಲು ಹೋದ ಜಾನಕಿಬಾಯಿಯ ಕಣ್ಣಿಗೆ ಇನ್ನೊಂದು ಬಿತ್ತು. ಮಗಳ ಕೆಳಗೆ, ಸುತ್ತಲೂ, ಸಬ್ಜಾದ ಸಣ್ಣ ಸಸಿಗಳು ದಟ್ಟವಾಗಿ ಹುಟ್ಟಿದ್ದವು. ಬೀಜ ಉದುರಿದರೆ ಸಸಿ ಹುಟ್ಟುವುದು ಸಹಜ, ಆದರೆ ಅಲ್ಲಿ ಇಲ್ಲಿ ಹುಟ್ಟಬೇಕು. ಇವು ಒಬ್ಬ ಹೆಂಗಸಿನ ಉದ್ದಕ್ಕೆ, ಒಬ್ಬ ಹೆಂಗಸಿನ ಅಗಲಕ್ಕೆ ಹುಟ್ಟಿ ಅಲ್ಲಿಗೆ ನಿಂತಿದ್ದವು. ಆಚೆ ಮೆಂತ್ಯೆ, ಈಚೆ ಕೊತ್ತಂಬರಿ. ಒಂದು ಸಬ್ಜಾ ಸಸಿಯೂ ಆ ಗೆರೆ ದಾಟಿರಲಿಲ್ಲ.

"ಏಳ ನನ್ನವ್ವಾ, ಬಿಸಲು..." ಎಂದು ಕೈ ಹಿಡಿದರೆ ಆ ಕೈ ತಣ್ಣಗಿತ್ತು.

"ಇಲ್ಲಿ ಹಗುರ ಆಗತೈತಿ," ಅಂದಳು ರಂಜನಾ, ಕಣ್ಣು ತೆರೆಯದೆ. ಅವರ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಹೊಲದ ಕಡೆಯ ಹೆಣ್ಣುಮಕ್ಕಳ ಮಾತು ಅದು. ರಾಮವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ಮಗಳನ್ನು ಒಳಗೆ ಮಲಗಿಸಿ ಬಂದ ಜಾನಕಿಬಾಯಿ ಕಚ್ಚೆ ಬಿಗಿದು, ಕಳೆ ತೆಗೆಯುವ ಕುರುಪಿ ಹಿಡಿದು ಸಬ್ಜಾವನ್ನು ಬುಡಸಮೇತ ಕಿತ್ತರು. ಒಂದು ಬುಟ್ಟಿಯಾಯಿತು. ಬೀದಿಯ ಆಚೆಯ ತಿಪ್ಪೆಗೆ ಚೆಲ್ಲಿ ಬಂದರು. ಬೆಳಿಗ್ಗೆ ಬಾಗಿಲು ತೆರೆದರೆ ಪರಿಮಳ ಪಡಸಾಲೆಗೇ ನುಗ್ಗಿತು. ಅದೇ ಉದ್ದ, ಅದೇ ಅಗಲ, ಎರಡು ಬೆರಳು ಹೆಚ್ಚು ಎತ್ತರ. ಗಾಳಿ ಇರಲಿಲ್ಲ, ಗುಲಾಬಿಯ ಒಂದು ಎಲೆ ಅಲುಗುತ್ತಿರಲಿಲ್ಲ. ಸಬ್ಜಾ ಮಾತ್ರ ಮೆಲ್ಲಗೆ ಏರಿ ಇಳಿಯುತ್ತಿತ್ತು, ಕೆಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ಜಾನಕಿಬಾಯಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

ಆ ಹೊತ್ತಿಗೇ ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯ ಖಾಜಾಸಾಬ ಬಂದ. ವಾರಕ್ಕೊಮ್ಮೆ ಬಂದು ಹೆಚ್ಚಾದ ಚೆಂಡು ಹೂವು ಒಯ್ಯುವ ಮುದುಕ, ಒಂದು ಕಾಲದಲ್ಲಿ ಇವರ ವಿದ್ಯಾರ್ಥಿಯೊಬ್ಬನ ತಂದೆ. "ಸಲಾಂರಿ ಬಾಯಾರ" ಎಂದವನು ಪಾತಿ ನೋಡಿ ಚಪ್ಪಲಿ ಬಿಟ್ಟ. ಟೋಪಿ ಸರಿ ಮಾಡಿಕೊಂಡು ಎರಡು ಕೈ ಎತ್ತಿ ತುಟಿ ಅಲುಗಿಸಿದ. ಆಮೇಲೆ ಕೇಳಿದ, "ಇಲ್ಲಿ ಯಾರನ್ನ ಮಣ್ಣ ಮಾಡೀರಿ ಬಾಯಾರ?"

"ಏನು ಮಾತಾಡ್ತೀ ಖಾಜಾಸಾಬ! ನಮ್ಮ ಮನಿ ಅಂಗಳ ಇದು."

"ಅದಕ್ಕ ಕೇಳಾಕತ್ತೇನಿ. ಸಬ್ಜಾ ಎಲ್ಲಾ ಕಡೆ ಬೆಳೀತೈತ್ರಿ, ನಾ ದಿನಾ ಮಾಲಿಗಿ ಕಟ್ಟತೇನಿ. ಹಿಂಗ ಬೆಳ್ಯಾಂಗಿಲ್ಲ. ಇದನ್ನ ನಾವು ಗೋರಿ ಮ್ಯಾಲ ಹಚ್ಚತೇವ್ರಿ. ಅದು ಹಸರ ಇರೂತನಕ ಅಲ್ಲಾನ ನಾಮ ನೆನೀತೈತಿ, ಮಲಗಿದವರ ಭಾರ ಹಗುರ ಆಗತೈತಿ. ಎಲ್ಲಿಂದ ತಂದ್ರಿ?"

"ನರ್ಸರಿಯಿಂದ," ಅಂದರು ಜಾನಕಿಬಾಯಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವರ ಕೈ ತಾನಾಗಿ ಸೆರಗಿಗೆ ಹೋಯಿತು.

ಖಾಜಾಸಾಬ ಹೂವು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟುತ್ತ ಹೇಳಿದ, "ನರ್ಸರಿ ಆಗಿದ್ರ ಚಲೋನ ಆತ್ರಿ. ಎಲ್ಲಿಂದರ ಎತ್ತಿದ್ರ, ಸುಮ್ಮನ ತಿರುಗಿ ಇಟ್ಟ ಬಂದ್ರ ಆಗಾಂಗಿಲ್ಲ. ಅಕೀ ಮಂದೀಗಿ ಹೇಳಬೇಕ. ಅಕಿಗಿ ಏನ ಬೇಕಂತ ಅವರಿಗಷ್ಟ ಗೊತ್ತಿರತೈತಿ." ಅವನು 'ಅಕಿ' ಅಂದ. ಹೆಣ್ಣೆಂದು ಅವನಿಗೆ ಯಾರು ಹೇಳಿದರು? ಕೇಳುವಷ್ಟರಲ್ಲಿ ಗೇಟು ದಾಟಿದ್ದ.

ಒಳಗೆ ರಂಜನಾ ಖಾಲಿ ಕೈಯಲ್ಲಿ ತುತ್ತು ಕಟ್ಟುತ್ತಿದ್ದಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಜಾನಕಿಬಾಯಿ ಅಲ್ಲಿಯೇ ತೀರ್ಮಾನ ಮಾಡಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಆದರೆ ಉಪ್ಪು ತಿಂದದ್ದು ತಾನು, ನೀರಡಿಸಿ ಸಾಯುತ್ತಿರುವವಳು ಮಗಳು. ಅದೇ ಡಬ್ಬಿಯಲ್ಲಿ ಸಬ್ಜಾದ ಒಂದು ಬೇರು ಇಟ್ಟುಕೊಂಡು, ಗಂಡನಿಗೆ ಕೂಡ ಹೇಳದೆ, ಯಂಕಂಚಿಯ ಬಸ್ಸು ಹತ್ತಿದರು.

ಬೇವಿನ ಗಿಡ ಸಿಕ್ಕಿತು. ಕಲ್ಲಿನ ಸಾಲೂ ಸಿಕ್ಕಿತು. ಮಗಳು ಮಲಗಿದ ದಿಕ್ಕಿಗೇ ಚಾಚಿದ ಅದು ಈ ಸಲ ನೋಡಿದ ಕಣ್ಣಿಗೆ ಗೋರಿಯಲ್ಲದೆ ಮತ್ತೇನೂ ಆಗಿ ಕಾಣಲಿಲ್ಲ. ಸಬ್ಜಾ ಪೂರ್ತಿ ಒಣಗಿ ಕಡ್ಡಿಯಾಗಿತ್ತು. ನಡುವೆ, ತಾವು ಕಿತ್ತ ಜಾಗದಲ್ಲಿ, ಒಂದು ಗುಣಿ ಬಾಯಿ ತೆರೆದುಕೊಂಡಿತ್ತು. ಮಗ್ಗುಲಲ್ಲಿ ಕೊಡ ಇಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸು ಕಡ್ಡಿಗಳಿಗೆ ನೀರು ಹಾಕುತ್ತಿದ್ದಳು. ಹತ್ತಿರದಲ್ಲಿ ಐದಾರು ವರ್ಷದ ಹುಡುಗಿ, ಕಡ್ಡಿಯಂತೆ ಸೊರಗಿದವಳು, ಮಣ್ಣಲ್ಲಿ ಗೆರೆ ಎಳೆಯುತ್ತಿದ್ದಳು.

ಮೂವತ್ತೊಂದು ವರ್ಷ ಪರರ ಮಕ್ಕಳಿಂದ ಒಪ್ಪಿಸಿಕೊಂಡ ಮಾತನ್ನು ಜಾನಕಿಬಾಯಿ ಅಲ್ಲಿ ನಿಂತು ತಾವೇ ಒಪ್ಪಿಸಿದರು. "ನಾ ಇಲ್ಲಿಂದ ಒಂದು ಗಿಡ ಕಳವು ಮಾಡೀನ್ರಿ. ಹೂವಿನ ಪಾತಿ ಅಂತ ತಿಳದಿದ್ದೆ. ನನ್ನ ಮಗಳು ಬಸುರಿ ಇದ್ದಾಳ. ಇಪ್ಪತ್ತು ದಿನ ಆತು, ಅನ್ನ ಮುಟ್ಟವಲ್ಲಳು. ಸಣ್ಣಾಕಿ ಉಂಡಿಲ್ಲ, ನಾ ಹೆಂಗ ಉಣ್ಣಲಿ ಅಂತಾಳ." ಹೇಳುತ್ತ ಹೇಳುತ್ತ ಕೈ ಮುಗಿದರು.

ಆ ಹೆಂಗಸು, ಹೆಸರು ರಾಜಬಿ, ಕೊಡ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಇವರ ಮುಖವನ್ನೇ ನೋಡಿ ಕೇಳಿದಳು, "ನಮ್ಮ ಸಗೀರಾ ನಿಮ್ಮ ಮನಿಗಿ ಬಂದಾಳೇನ್ರಿ?"

ಜಾನಕಿಬಾಯಿ ಡಬ್ಬಿಯ ಮುಚ್ಚಳ ತೆಗೆದು ಬೇರು ತೋರಿಸಿದರು.

"ಒಂದೂವರಿ ವರ್ಷ ಆತು. ನನ್ನ ಕನಸಿನ್ಯಾಗರ ಬರಲಿಲ್ಲ ಅಕಿ. ಸೊಸಿ ಅಲ್ಲರಿ, ಮಗಳಾಗಿದ್ಳು." ರಾಜಬಿ ಸೆರಗಿನಿಂದ ಮೂಗು ಒರೆಸಿಕೊಂಡು ಹುಡುಗಿಯತ್ತ ಕೈ ತೋರಿಸಿದಳು. "ಈಕಿಗಿ ಅನ್ನ ಕಲಸಿ ಇಟ್ಟಾಳ. ಉಳ್ಳಾಗಡ್ಡಿ ತಪ್ಪಲ ಬೇಕಂತು ಇದು, ಹಟಮಾರಿ. 'ತಡಿಯವ್ವಾ, ಹರಕೊಂಡ ಬಂದು ಉಣಸ್ತೇನಿ' ಅಂತ ಹೊಲಕ್ಕ ಬಂದಾಕಿ, ಬದುವಿನ್ಯಾಗ ಹಾವು. ದವಾಖಾನಿಗಿ ಒಯ್ಯೂದರಾಗ ಮುಗೀತು. ಅವತ್ತ ಮಳಿ, ಹಳ್ಳ ತುಂಬಿ ಕಬರಸ್ತಾನಕ್ಕ ದಾರಿ ಇದ್ದಿಲ್ಲ. ಇಲ್ಲೇ ಇಟ್ಟಿವಿ. ನನ್ನ ಮಗ ಮಂಜೂರ ಲಾರಿ ಮ್ಯಾಲ ಹ್ವಾದಾಂವ ತಿಂಗಳಿಗೊಮ್ಮಿ ಬರ್ತಾನ. ಈ ಹುಡುಗಿ ಅವತ್ತಿಂದ ಹೊಟ್ಟಿ ತುಂಬ ಉಂಡಿದ್ದ ನಾ ನೋಡಿಲ್ಲ."

ಹುಡುಗಿ ತಲೆ ಎತ್ತಿ ಅಜ್ಜಿಯನ್ನು ಕೇಳಿದಳು, "ದಾದಿ, ಅಮ್ಮಿ ಇವರ ಮನ್ಯಾಗ ಅದಾಳೇನು?"

ಜಾನಕಿಬಾಯಿ ಡಬ್ಬಿಯ ಬೇರನ್ನು ಗುಣಿಯಲ್ಲಿಟ್ಟು ಕೈಯಿಂದಲೇ ಮಣ್ಣು ಮುಚ್ಚಿದರು. ರಾಜಬಿ ನೀರು ಹಾಕಿದಳು. ಆಮೇಲೆ ಮೂವರೂ ಕೂಡಿ ಬಸ್ಸಿಗೆ ಹೋದರು.

ಸಿಂದಗಿ ಮುಟ್ಟಿದಾಗ ಊಟದ ಹೊತ್ತು. ರಾಮವ್ವನಿಗೂ ಅಡುಗೆಮನೆಯ ಹೊಸ್ತಿಲು ದಾಟಲು ಬಿಡದ ಮನೆ ಅದು. ಅನಂತರಾಯರು ಪಡಸಾಲೆಯಲ್ಲಿ ಎದ್ದು ನಿಂತರು. ಹೆಂಡತಿಯ ಮುಖ ನೋಡಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಒಳಗ ಬರ್ರಿ," ಅಂದರು ಜಾನಕಿಬಾಯಿ.

ರಂಜನಾ ಗೋಡೆಗೆ ಒರಗಿ ಕುಳಿತಿದ್ದಳು. ಮುಂದೆ ಕಲಸಿದ ತಟ್ಟೆ. ಬಾಗಿಲಲ್ಲಿ ಹುಡುಗಿಯನ್ನು ಕಂಡದ್ದೇ ಅವಳ ಮುಖಕ್ಕೆ ರಕ್ತ ಬಂತು. ಬೇರೆ ಯಾರನ್ನೂ ನೋಡಲಿಲ್ಲ.

"ಬಾರವ್ವಾ ಮೆಹನಾಜ. ಎಷ್ಟೊತ್ತ ಆತು ನೋಡು," ಅಂದಳು. "ಉಳ್ಳಾಗಡ್ಡಿ ತಪ್ಪಲ ಸಿಗಲಿಲ್ಲವ್ವಾ ನನಗ. ಹಂಗ ಉಣ್ತಿ?"

ರಾಜಬಿಯ ಕೈ ಬಾಯಿಗೆ ಹೋಯಿತು. ಆ ಮನೆಯೊಳಗೆ ಯಾವ ಕಾಲಕ್ಕೂ ಈರುಳ್ಳಿ ಬಂದದ್ದಿಲ್ಲ. ಹುಡುಗಿಯ ಹೆಸರನ್ನಂತೂ ಯಾರೂ ಹೇಳಿರಲಿಲ್ಲ. ಮೆಹನಾಜಳಿಗೆ ಮಾತ್ರ ಭಯವೆಂಬುದೇ ಇರಲಿಲ್ಲ. ನೇರ ಹೋಗಿ ಆ ಮಡಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಬಾಯಿ ತೆರೆದಳು.

ರಂಜನಾ ಉಣ್ಣಿಸಿದಳು. ತುತ್ತಿನ ತುದಿ ಹೆಬ್ಬೆರಳಿನಿಂದ ಒತ್ತಿ ಉಣ್ಣಿಸುವ ಆ ರೀತಿ ತಮ್ಮ ಮಗಳದ್ದಲ್ಲ ಎಂದು ಜಾನಕಿಬಾಯಿಗೆ ಗೊತ್ತು. ನಡುನಡುವೆ ಹುಡುಗಿಯ ಗದ್ದ ಒರೆಸಿದಳು, ಹಣೆಯ ಕೂದಲು ಸರಿಸಿದಳು. ಹುಡುಗಿ ಮೊದಲು ಗಬಗಬ ನುಂಗಿದಳು. ಅರ್ಧ ತಟ್ಟೆ ಆದಾಗ ನಿಧಾನವಾದಳು. ಒಂದೊಂದು ತುತ್ತನ್ನೂ ಎಷ್ಟೋ ಹೊತ್ತು ಅಗಿದಳು. ತಟ್ಟೆಯನ್ನು ನೋಡುವಳು, ಮುಖವನ್ನು ನೋಡುವಳು, ಮತ್ತೆ ತಟ್ಟೆಯನ್ನು. ಆಗ ಜಾನಕಿಬಾಯಿಗೆ ಅರ್ಥವಾಯಿತು. ತಟ್ಟೆ ಮುಗಿದರೆ ಏನಾಗುತ್ತದೆಂದು ಈ ಮಗುವಿಗೆ ತಿಳಿದಿದೆ.

ಕೊನೆಯ ತುತ್ತು ಬಾಯಿಗೆ ಹೋಯಿತು. ಮೆಹನಾಜ ಅದನ್ನು ನುಂಗಲಿಲ್ಲ. ಗಲ್ಲದಲ್ಲಿ ಒತ್ತಿ ಇಟ್ಟುಕೊಂಡು, ತುಟಿ ಬಿಗಿದು, ರಂಜನಾಳ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕುಳಿತುಬಿಟ್ಟಳು.

ನುಂಗು ಅನ್ನಬೇಕು. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಒಂದು ಕಣ್ಣು ಬಿಟ್ಟರೆ ನೂರು ಮಕ್ಕಳು ತಟ್ಟೆ ಖಾಲಿ ಮಾಡುತ್ತಿದ್ದವು. ಈಗ ಜಾನಕಿಬಾಯಿಯ ನಾಲಿಗೆ ಹೊರಳಲಿಲ್ಲ. ಒಂದು ಕಡೆ ಮಗಳ ಬತ್ತಿದ ಗಂಟಲು, ಅದರ ಕೆಳಗೆ ಬೆಳೆಯದೆ ಕುಳಿತ ಕೂಸು. ಇನ್ನೊಂದು ಕಡೆ ಈ ಉಬ್ಬಿದ ಗಲ್ಲ. ನುಂಗಲಿ, ದೇವರೇ, ಬೇಗ ನುಂಗಲಿ ಎಂದು ಅವರ ಒಡಲು ಕೂಗುತ್ತಿತ್ತು. ಹಾಗೆ ಬೇಡಿಕೊಂಡದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ರಾಜಬಿ ಮೊಮ್ಮಗಳ ಹಿಂದೆ ಹೋಗಿ ಕುಳಿತಳು. ಬೆನ್ನ ಮೇಲೆ ಕೈಯಿಟ್ಟಳು. "ನುಂಗು ಬೇಟಿ," ಅಂದಳು. "ಅಮ್ಮಿಗಿ ಭಾಳ ದಣಿವಾಗೈತಿ. ಮಲಗಲಿ."

ಹುಡುಗಿಯ ಕಣ್ಣು ತುಂಬಿದವು. ಗಂಟಲು ಒಮ್ಮೆ ಏರಿ ಇಳಿಯಿತು.

ರಂಜನಾ ತನ್ನ ಎಂಜಲು ಕೈಯನ್ನು ನೋಡಿಕೊಂಡಳು. ನಿದ್ದೆಯಿಂದ ಎದ್ದವರ ಹಾಗೆ ಸುತ್ತಲೂ ನೋಡಿ, "ಆಯಿ," ಅಂದಳು. ಇಪ್ಪತ್ತು ದಿನಗಳ ಮೇಲೆ ಆ ಕರೆ! "ಆಯಿ, ಇದೇನು, ಖಾಲಿ ತಟ್ಟಿ ಮುಂದ ಕೂಡ್ಸೀದಿ? ಹಸಿವ್ಯಾಗಿ ಜೀವ ಹೋಗ್ಲಿಕ್ಕೆ ಹತ್ತದ."

ಜಾನಕಿಬಾಯಿ ಅಡುಗೆಮನೆಗೆ ಓಡಿದರು. ಪಾತ್ರೆಯನ್ನೇ ಎತ್ತಿ ತಂದು ಸುರಿದರು, ತುಪ್ಪ ಸುರಿದರು, ಅವಸರಕ್ಕೆ ಸಾರು ಚೆಲ್ಲಿದರು. ರಂಜನಾ ಉಂಡಳು. ಎರಡು ಸಲ ಹಾಕಿಸಿಕೊಂಡು ಉಂಡಳು. ಅನಂತರಾಯರು ಗೋಡೆಗೆ ಮುಖ ಮಾಡಿ ಕಣ್ಣು ಒರೆಸಿಕೊಂಡರು. ಹೊಟ್ಟೆ ಸ್ವಲ್ಪ ತಣ್ಣಗಾದ ಮೇಲೆ ರಂಜನಾ ಎದುರಿಗೆ ನೋಡಿದಳು. ತನ್ನ ಸೆರಗು ಹಿಡಿದು ಕುಳಿತ ಹುಡುಗಿ ಆಗಷ್ಟೇ ಅವಳ ಕಣ್ಣಿಗೆ ಬಿದ್ದದ್ದು.

"ಅಯ್ಯ, ಎಷ್ಟು ಚಂದ ಇದ್ದೀ ನೀ! ಯಾರ ಮಗಳೇ? ಹೆಸರೇನು ನಿಂದು?" ಎಂದು ನಕ್ಕಳು.

ಮೆಹನಾಜ ಆ ಮುಖವನ್ನು ಒಂದು ಸಲ ಪೂರ್ತಿ ನೋಡಿದಳು. ಸೆರಗು ಬಿಟ್ಟು, ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ಪರಿಚಯವಿಲ್ಲದವರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿ ನಿಂತಳು.

"ಮೆಹನಾಜ ಅಂತಾರ್ರೀ," ಅಂದಳು.